ಮನೆಗಳಿಲ್ಲದ ಊರಿನ ಇಷ್ಬೆಲ್

ಇಷ್ಬೆಲ್ ಗೆಡ್ಡಿಸ್ ಹುಟ್ಟಿದ ಮನೆಯಲ್ಲಿ ಈಗ ಕಾಫಿ ಮಾರುತ್ತಾರೆ. ಅವಳು ಹುಟ್ಟಿದ್ದು ಡ್ರೈಬರ್ನಿನಲ್ಲಿ, ಕಾಫಿ ಮಾರುವುದು ಗುಡ್ಡದಾಚೆಯ ಕ್ರೇಗ್‌ಮೋರಿನಲ್ಲಿ. ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಒಟಾಗೋದ ಒಳನಾಡಿನಲ್ಲಿ ಮರದ ಮನೆಗಳನ್ನು ಬುಡಸಮೇತ ಎಬ್ಬಿಸಿ, ಲಾರಿಯ ಮೇಲೆ ಹೇರಿ, ಬೇಕಾದ ಕಡೆ ಇಳಿಸಿಕೊಳ್ಳುತ್ತಾರೆ. ಚಿನ್ನ ಬರಿದಾದ ಮೇಲೂ ಎಷ್ಟೋ ವರ್ಷ ಏದುಸಿರು ಬಿಡುತ್ತ ಉಳಿದಿದ್ದ ಡ್ರೈಬರ್ನ್ ಕೊನೆಗೆ ಹಾಗೆ ಲಾರಿ ಹತ್ತಿ ಹೋಯಿತು. ಶಾಲೆ ಹೋಗಿ ಯಾರದೋ ಉಣ್ಣೆಯ ಗೋದಾಮಾಯಿತು, ಚರ್ಚು ಹೋಗಿ ಯಾರೋ ಪಟ್ಟಣದವರ ರಜೆಯ ಮನೆಯಾಯಿತು. ಗೆಡ್ಡಿಸ್ ಕುಟುಂಬದ ಮನೆ ಹೋದದ್ದು ಎಲ್ಲರಿಗಿಂತ ಕೊನೆಗೆ. ಪುಟ್ಟ ಇಷ್ಬೆಲ್ ಅವತ್ತು ಅಪ್ಪನ ಜೀಪಿನಲ್ಲಿ ಲಾರಿಯ ಹಿಂದೆ ಹೋಗುತ್ತ, ತನ್ನ ಕೋಣೆಯ ಕಿಟಕಿ ತನಗಿಂತ ಮುಂದೆ ಗುಡ್ಡದ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು. ಅಳಲಿಲ್ಲ. ಮುಂದೆ ಲಾರಿ ನಿಂತಾಗ ಇಳಿದು ಹೋಗಿ ಡ್ರೈವರನಿಗೆ ಕಲ್ಲು ಬೀಸಿದಳು. ಗುರಿ ತಪ್ಪಿತು, ಅಪ್ಪನಿಂದ ಏಟು ಬಿತ್ತು.

ಈಗ ಅವಳಿಗೆ ಅರವತ್ತು ದಾಟಿದೆ, ಸಿಟ್ಟು ಮಾತ್ರ ಇನ್ನೂ ಅದೇ ವಯಸ್ಸಿನದು. ಉಣ್ಣೆ ಕತ್ತರಿಸುವವರ ತಂಡಕ್ಕೆ ಅಡುಗೆ ಮಾಡಿದಳು, ಅಂಚೆ ವ್ಯಾನು ಓಡಿಸಿದಳು. ಕ್ರೇಗ್‌ಮೋರಿನ ಗಂಡನ್ನು ಕಟ್ಟಿಕೊಂಡು ಬದುಕಿಡೀ ಅವನ ಜೊತೆ ಜಗಳವಾಡಿ, ಅವನು ಸತ್ತ ಮೇಲೆ ತಿಂಗಳುಗಟ್ಟಲೆ ಯಾರ ಜೊತೆಯೂ ಜಗಳವಾಡದೆ ಊರಿನವರನ್ನೆಲ್ಲ ಹೆದರಿಸಿದಳು. ಆಮೇಲೆ ಪ್ರವಾಸಿಗಳ ಬಸ್ಸು ಹತ್ತಿದಳು. ಹಳೆಯ ಚಿನ್ನದ ಊರುಗಳನ್ನು ಸುತ್ತಿಸುವ ಸಣ್ಣ ಬಸ್ಸು ಅದು. ಓಡಿಸುವವಳೂ ಅವಳೇ, ಊರು ತೋರಿಸುವವಳೂ ಅವಳೇ. ಬೇರೆ ಬಸ್ಸಿನವರು ತೊಟ್ಟಿಯಲ್ಲಿ ಮರಳು ತುಂಬಿ, ಮೊದಲೇ ನಾಲ್ಕು ಚೂರು ಚಿನ್ನ ಉದುರಿಸಿಟ್ಟು, ಬಂದವರಿಗೆಲ್ಲ ಚಿನ್ನ ಸಿಗುವಂತೆ ಮಾಡಿ ಕಳಿಸುತ್ತಾರೆ. ಇಷ್ಬೆಲ್ ನಿಜವಾದ ಹೊಳೆಗೆ ಕರೆದೊಯ್ದು ಜಾಲಿಸುವ ಬಾಣಲೆ ಕೈಗೆ ಕೊಟ್ಟು, "ಹುಡುಕಿ. ಸಿಗಲ್ಲ. ಆ ಕಾಲದಲ್ಲಿ ಬಂದೋರಲ್ಲೂ ಮುಕ್ಕಾಲು ಜನಕ್ಕೆ ಸಿಗಲಿಲ್ಲ," ಎನ್ನುತ್ತಾಳೆ. ಕೆಲವರು ದೂರು ಬರೆಯುತ್ತಾರೆ. ಅವಳು ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಊರು ಹೋದರೂ ಡ್ರೈಬರ್ನಿನದು ಎನ್ನುವಂಥ ಒಂದು ಸಂಗತಿ ಉಳಿದಿತ್ತು: ಅದರ ಕರ್ಲಿಂಗ್ ಕ್ಲಬ್ಬು. ಸ್ಕಾಟ್ಲೆಂಡಿನಿಂದ ಚಿನ್ನಕ್ಕೆ ಬಂದವರು ಜೊತೆಗೆ ತಂದ ಆಟ ಅದು. ನೀರಿನ ರಭಸದಿಂದ ಗುಡ್ಡ ಕೊಚ್ಚಿ ಚಿನ್ನ ತೆಗೆಯಲೆಂದು ಅವರು ತೋಡಿದ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಹಿಡಿಕೆಯಿರುವ ದುಂಡನೆಯ ಭಾರದ ಕಲ್ಲನ್ನು ಆ ಮಂಜುಗಡ್ಡೆಯ ಮೇಲೆ ಜಾರಿಬಿಟ್ಟು ದೂರದಲ್ಲಿ ಕೊರೆದ ವೃತ್ತದ ನಡುವೆ ನಿಲ್ಲಿಸಬೇಕು. ಜೊತೆಯವರು ಕಲ್ಲಿನ ಮುಂದೆ ಪೊರಕೆ ಉಜ್ಜುತ್ತ ಓಡಿ ಅದರ ದಾರಿ ನಯಮಾಡಬೇಕು. ನೋಡುವವರಿಗೆ ನಗು ಬರುತ್ತದೆ. ಆಡುವವರು ಇದಕ್ಕಾಗಿ ಮದುವೆ ಮುಂದೂಡಿದ್ದಾರೆ, ಹೂಳಬೇಕಾದ ಹೆಣವನ್ನು ಕಾಯಿಸಿದ್ದಾರೆ. ಮಂಜುಗಡ್ಡೆ ಸಾಕಷ್ಟು ದಪ್ಪವಾಗುವುದು ಎಷ್ಟೋ ವರ್ಷಕ್ಕೊಮ್ಮೆ, ಯಾವ ದಿನವೆಂದು ಯಾರಿಗೂ ಗೊತ್ತಿಲ್ಲ. ಆದ ದಿನ ಬೆಳಗ್ಗೆ ರೇಡಿಯೋದಲ್ಲಿ ಕರೆ ಬರುತ್ತದೆ. ಕರೆ ಬಂದರೆ ಸುತ್ತಲಿನ ಎಲ್ಲ ಕ್ಲಬ್ಬಿನವರೂ ಕೈಯಲ್ಲಿರುವ ಕೆಲಸ ಎಸೆದು ಕ್ರೇಗ್‌ಮೋರಿನ ಕೆರೆಗೆ ಓಡಬೇಕು. ಮಧ್ಯಾಹ್ನ ಮೊದಲ ಕಲ್ಲು ಬಿಡುವ ಹೊತ್ತಿಗೆ ಯಾವ ಕ್ಲಬ್ಬಿನ ನಾಲ್ವರು ನಿಂತಿಲ್ಲವೋ ಅದರ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ.

ಡ್ರೈಬರ್ನ್ ಕ್ಲಬ್ಬಿನಲ್ಲಿ ಉಳಿದವರೇ ನಾಲ್ವರು. ಇಷ್ಬೆಲ್ ಒಬ್ಬಳು. ಇಡೀ ಜೀವಮಾನ ಮೊಲ ಹೊಡೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಎಂಬತ್ತನಾಲ್ಕರ ವಾಟಿ ಲಾಕ್‌ಹಾರ್ಟ್ ಒಬ್ಬ. ಇನ್ನಿಬ್ಬರು ಏಪ್ರಿಕಾಟ್ ತೋಟದ ಅಣ್ಣ ತಂಗಿ, ನೆವಿಲ್ ಲೈ ಮತ್ತು ಡೋರೀನ್. ಅವರ ಮುತ್ತಾತ ಕ್ಯಾಂಟನ್ನಿನಿಂದ ಬಂದು, ಬೇರೆಯವರು ಜಾಲಿಸಿ ಬಿಟ್ಟ ಮಣ್ಣನ್ನೇ ಮತ್ತೆ ಜಾಲಿಸಿ ಹೊಟ್ಟೆ ಹೊರೆದವನು.

ಐದನೆಯವರನ್ನು ಸೇರಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಕೇಳಿದವರ ಗತಿ ನೋಡಬೇಕಿತ್ತು. ಕ್ರೇಗ್‌ಮೋರಿನ ಶಾಲೆಯ ಮೇಷ್ಟ್ರೊಬ್ಬ ಆಸೆಪಟ್ಟು ಪೊರಕೆ ಕೊಂಡು ತಂದಿದ್ದ. ವಾಟಿ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಜ್ಜನ್ನ ಡ್ರೈಬರ್ನಿನಲ್ಲಿ ಹೂತಿದ್ದಾರಾ?" ಎಂದು ಕೇಳಿದ. ಇಲ್ಲವೆಂದ ಮೇಷ್ಟ್ರು. "ಹಾಗಿದ್ರೆ ಆ ಪೊರಕೇಲಿ ಮನೆ ಗುಡಿಸಿಕೋ ಹೋಗಪ್ಪ," ಎಂದ ವಾಟಿ. ಇಷ್ಬೆಲ್ ಪಕ್ಕದಲ್ಲೇ ಕೈಕಟ್ಟಿ ನಿಂತು ತಲೆಯಾಡಿಸಿದ್ದಳು. ಡ್ರೈಬರ್ನಿನ ರಕ್ತವಿಲ್ಲದವರು ಡ್ರೈಬರ್ನಿನ ಕಲ್ಲು ಮುಟ್ಟಬಾರದು. ನಾಲ್ಕು ಜನ ಸೇರಿ ಬಾಗಿಲಿಲ್ಲದ ಊರಿಗೆ ಬಾಗಿಲು ಕಾಯುತ್ತಿದ್ದರು.

ಪಂದ್ಯ ನಡೆಸುವವನು ಕ್ರೇಗ್‌ಮೋರ್ ಕ್ಲಬ್ಬಿನ ಬ್ರೂಸ್ ಪೆಟಿಗ್ರೂ. ಕೆಟ್ಟವನಲ್ಲ, ಒಳ್ಳೆಯತನವೇ ಸ್ವಲ್ಪ ಜಾಸ್ತಿ. ಕರೆ ಬರುವುದಕ್ಕೆ ಕೆಲವು ವಾರ ಮುಂಚೆ ಇಷ್ಬೆಲ್‌ಳನ್ನು ಆ ಕಾಫಿ ಅಂಗಡಿಗೇ ಕರೆಸಿ ಕೂರಿಸಿ ಮಾತು ತೆಗೆದ.

"ನೋಡು ಇಷ್ಬೆಲ್, ವಾಟಿಗೆ ವಯಸ್ಸಾಯ್ತು. ಮರ್ಯಾದೆಯಾಗಿ ಈಗಲೇ ನಮ್ಮ ಜೊತೆ ಸೇರಿಬಿಡಿ. ನಿಮ್ಮ ಕ್ಲಬ್ಬು ಗೆದ್ದ ಹಳೇ ಪದಕ ಇದೆಯಲ್ಲ, ಅದನ್ನ ನಮ್ಮ ಗಾಜಿನ ಕಪಾಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಡ್ತೀವಿ."

"ಬ್ರೂಸ್, ನೀನು ಕೂತಿದ್ದೀಯಲ್ಲ, ಅದು ನನ್ನ ಮಂಚ ಇದ್ದ ಜಾಗ," ಎಂದಳು ಇಷ್ಬೆಲ್. "ಮನೆ ತಂದ್ರಿ. ಚರ್ಚಿನ ಗಂಟೆ ತಂದ್ರಿ. ಈಗ ಹೆಸರೂ ಬೇಕಾ ನಿಮಗೆ?"

"ಅಯ್ಯೋ, ನಾನು ನಿಮ್ಮ ಒಳ್ಳೇದಕ್ಕೇ..."

"ನಮ್ಮ ಒಳ್ಳೇದು ನಾವು ನೋಡ್ಕೋತೀವಿ. ಕಾಫಿಗೆ ನಾನು ಕೊಡಲ್ಲ, ನನ್ನ ಮನೇಲಿ ನಾನು ದುಡ್ಡು ಕೊಟ್ಟು ಕುಡಿಯಲ್ಲ," ಎಂದು ಎದ್ದು ಹೊರಟಳು.

ಆ ನಾಡಿಗೆ ಜುಲೈ ಎಂದರೆ ನಡುಚಳಿಗಾಲ. ಆ ವರ್ಷ ಚಳಿ ಹಲ್ಲು ಕಡಿಸಿತು. ಬಹಳ ವರ್ಷದ ಮೇಲೆ ಕೆರೆಗಳು ಗಟ್ಟಿಯಾದವು. ಒಂದು ಬೆಳಗ್ಗೆ ಇಷ್ಬೆಲ್ ಪ್ರವಾಸಿಗಳನ್ನು ತುಂಬಿಕೊಂಡು ಹೊರಟಿದ್ದಾಗ ಬಸ್ಸಿನ ರೇಡಿಯೋದಲ್ಲಿ ಕರೆ ಬಂತು. ಅವಳು ರಸ್ತೆಯ ಮಧ್ಯೆಯೇ ಬ್ರೇಕು ಒತ್ತಿದಳು.

"ಏನಾಯ್ತು? ಟೈರು ಹೋಯ್ತಾ?" ಎಂದು ಮುಂದಿನ ಸೀಟಿನ ಪ್ರೆಂಟಿಸ್ ಕೂಗಿದ. ಆಕ್ಲೆಂಡಿನ ಈ ಪ್ರೆಂಟಿಸ್ ಕಟ್ಟಡ ತಪಾಸಣೆ ಮಾಡಿ ನಿವೃತ್ತನಾದವನು. ಹಿಂದಿನ ದಿನದಿಂದ ಹೀಟರು ಸಾಲದು, ಗಂಜಿ ಗಂಟಾಗಿದೆ, ಕೊಟ್ಟ ದುಡ್ಡಿಗೆ ಒಂದು ಚೂರೂ ಚಿನ್ನ ಸಿಕ್ಕಿಲ್ಲ ಎಂದು ಪಟ್ಟು ಬಿಡದೆ ಗೊಣಗುತ್ತಿದ್ದ.

"ಟೈರಿಗೇನೂ ಆಗಿಲ್ಲ. ನೀರು ಗಟ್ಟಿಯಾಗಿದೆ," ಎಂದಳು ಇಷ್ಬೆಲ್. "ಇವತ್ತಿನ ಕಾರ್ಯಕ್ರಮ ಬದಲಾಯ್ತು. ಸತ್ತ ಊರು ತೋರಿಸೋದು ನಾಳೆ. ಇವತ್ತು ಬದುಕಿರೋ ಊರು ತೋರಿಸ್ತೀನಿ."

"ಅಮ್ಮಾ, ನಾನು ಚಿನ್ನ ಜಾಲಿಸೋದಕ್ಕೆ ದುಡ್ಡು ಕೊಟ್ಟಿದ್ದೀನಿ."

"ಚಿನ್ನ ಮಣ್ಣಲ್ಲಿ ಇಷ್ಟು ವರ್ಷ ಕಾದಿದೆ ಸ್ವಾಮಿ, ಇನ್ನೊಂದು ದಿನ ಕಾಯುತ್ತೆ. ಮಂಜುಗಡ್ಡೆ ಕಾಯಲ್ಲ."

ಬಸ್ಸಿನ ಮಾಲೀಕನಿಗೆ ಅವಳು ಫೋನು ಮಾಡಲಿಲ್ಲ. ಕೇಳಿದರೆ ಬೇಡವೆನ್ನುತ್ತಾನೆ, ಬೇಡವೆಂದರೆ ಜಗಳವಾಗುತ್ತದೆ, ಜಗಳಕ್ಕೆ ಅವತ್ತು ಪುರುಸೊತ್ತಿರಲಿಲ್ಲ.

ಕ್ರೇಗ್‌ಮೋರಿನ ಕೆರೆಯ ದಡದಲ್ಲಿ ಆಗಲೇ ಜನವೋ ಜನ. ವಿಸ್ಕಿಯ ವಾಸನೆ, ಸುಟ್ಟ ಚೀಸ್ ರೋಲಿನ ವಾಸನೆ, ಮಂಜಿನ ಮೇಲೆ ಕಲ್ಲು ಉರುಳಿಸಿ ತರುವವರ ಕೂಗಾಟ. ನೆವಿಲ್ ಮತ್ತು ಡೋರೀನ್ ಪೊರಕೆ ಹಿಡಿದು ನಿಂತಿದ್ದರು. ಇಬ್ಬರ ಮುಖವೂ ಸಪ್ಪಗಿತ್ತು.

"ವಾಟಿ ಎಲ್ಲಿ?" ಎಂದಳು ಇಷ್ಬೆಲ್.

"ಕರ್ಕೊಂಡು ಬರೋಕೆ ಹೋಗಿದ್ದೆ," ಎಂದಳು ಡೋರೀನ್. "ಮನೆ ಬೀಗ ಹಾಕಿದೆ. ಗಾಡಿ ಇಲ್ಲ, ನಾಯಿ ಇಲ್ಲ. ಪೊರಕೇನೂ ಇಲ್ಲ, ಅವನ ಕಲ್ಲೂ ಇಲ್ಲ."

"ಪೊರಕೆ ತಗೊಂಡಿದ್ದಾನೆ ಅಂದ್ರೆ ಆಟಕ್ಕೇ ಹೊರಟಿದ್ದಾನೆ," ಎಂದ ನೆವಿಲ್. "ಆದ್ರೆ ಇಲ್ಲಿಗೆ ಬಂದಿಲ್ಲ. ಮತ್ತೆಲ್ಲಿಗೆ ಹೋದ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿಗೆ ಎಂದು ಮೂವರಿಗೂ ಒಟ್ಟಿಗೇ ಹೊಳೆಯಿತು. ಡ್ರೈಬರ್ನಿನ ಹಳೆಯ ಕೆರೆ. ಅಲ್ಲಿ ಯಾರೂ ಕಲ್ಲು ಬಿಟ್ಟು ಐವತ್ತು ವರ್ಷದ ಮೇಲಾಗಿತ್ತು.

ಅಷ್ಟರಲ್ಲಿ ಬ್ರೂಸ್ ಬಂದ. ಕೊರಳಲ್ಲಿ ಸೀಟಿ, ಮುಖದಲ್ಲಿ ಕನಿಕರ. "ಮೂರೇ ಜನ ಕಾಣ್ತಿದ್ದೀರಲ್ಲ?"

"ನಾಲ್ಕನೆಯವನನ್ನ ತರ್ತೀನಿ."

"ಮಧ್ಯಾಹ್ನದವರೆಗೆ ಹೊತ್ತಿದೆ. ಆಮೇಲೆ ನನ್ನ ಕೈಯಲ್ಲಿಲ್ಲ, ಇಷ್ಬೆಲ್. ನಿಯಮ ಅಂದ್ರೆ ನಿಯಮ. ಈಗಲೂ ನಮ್ಮ ಜೊತೆ ಸೇರ್ತೀವಿ ಅನ್ನು, ಮೂವರಿಗೂ ಆಟ ಕೊಡ್ತೀನಿ."

"ಆ ನಿಯಮ ಮಾಡಿದೋರಲ್ಲಿ ನಮ್ಮಜ್ಜಾನೂ ಒಬ್ಬ. ನನಗೆ ಪಾಠ ಹೇಳಬೇಡ," ಎಂದು ಇಷ್ಬೆಲ್ ಬಸ್ಸಿನತ್ತ ತಿರುಗಿದಳು. "ನೆವಿಲ್, ಡೋರೀನ್, ಹತ್ತಿ. ಕಲ್ಲೂ ಹಾಕ್ಕೊಳ್ಳಿ, ಇಲ್ಲಿಟ್ಟು ಹೋದ್ರೆ ಅದನ್ನೂ ಕಪಾಟಲ್ಲಿ ಇಟ್ಟುಬಿಡ್ತಾರೆ. ಮುದುಕ ತಾನಾಗಿ ಬರೋನಲ್ಲ, ಎತ್ತಿ ಹಾಕೋಕೆ ಕೈ ಬೇಕು."

ಚೀಸ್ ರೋಲು ಕೈಗೆ ಬರುವುದರೊಳಗೆ ಪ್ರವಾಸಿಗಳು ಮತ್ತೆ ಬಸ್ಸಿನಲ್ಲಿದ್ದರು. ಪ್ರೆಂಟಿಸ್ ಏನೋ ಹೇಳಲು ಬಾಯಿ ತೆರೆದವನು ಇಷ್ಬೆಲ್‌ಳ ಮುಖ ನೋಡಿ ಮುಚ್ಚಿಕೊಂಡ.

ಡ್ರೈಬರ್ನಿನ ರಸ್ತೆಗೆ ಈಗ ಡಾಂಬರಿಲ್ಲ. ಎರಡೂ ಕಡೆ ಒಣಗಿದ ಹುಲ್ಲು, ಮುಳ್ಳುಪೊದೆ, ಹಿಮ ಹೊತ್ತ ಕಾಡುಗುಲಾಬಿ. ನೀರು ಹಾಯಿಸಿ ಕೊಚ್ಚಿದ ಗುಡ್ಡಗಳ ಹಳದಿ ಬಂಡೆಗಳು ಇನ್ನೂ ಬತ್ತಲೆ. ಅದರ ಕೆಳಗೆ ನೆವಿಲ್‌ನ ಮುತ್ತಾತನಂಥವರು ಒಂದೊಂದೇ ಎತ್ತಿ ಜೋಡಿಸಿಟ್ಟ ಕಲ್ಲಿನ ಸಾಲುಗಳು. ಬೇರೆ ದಿನವಾಗಿದ್ದರೆ ಇಷ್ಬೆಲ್ ಇಲ್ಲಿ ನಿಲ್ಲಿಸಿ ಮಾತಾಡುತ್ತಿದ್ದಳು. ಅವತ್ತು ಗೇರು ಬದಲಿಸುವುದು ಬಿಟ್ಟರೆ ಅವಳಿಂದ ಸದ್ದಿಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಹೆಸರೊಂದು ಹೋದರೆ ತನ್ನದು ಅಂತ ತೋರಿಸಲು ನಾಲ್ಕು ಹೊಗೆಗೂಡು ಮತ್ತು ಒಂದು ಸ್ಮಶಾನ ಬಿಟ್ಟು ಏನೂ ಉಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯ ತಿರುವಿನಲ್ಲಿ ಕೆರೆ ಕಂಡಿತು. ದಡದಲ್ಲಿ ವಾಟಿಯ ಹಳೆಯ ಗಾಡಿ, ಅದರ ಹಿಂದೆ ನಾಯಿ. ಕೆರೆಯ ನಡುವೆ ವಾಟಿ. ಹಿಮವನ್ನೆಲ್ಲ ಗುಡಿಸಿ, ಎರಡು ತುದಿಯಲ್ಲಿ ವೃತ್ತ ಕೊರೆದು, ಪೊರಕೆಯ ಮೇಲೆ ಗದ್ದ ಊರಿ ನಿಂತಿದ್ದ.

"ಏನೇ ಹುಡುಗೀ, ಇಷ್ಟು ಹೊತ್ತಾ ಬರೋದು? ಕಲ್ಲು ತಂದ್ರೋ, ಬರೀ ಬಾಯಿ ತಂದ್ರೋ?"

"ತಲೆ ನೆಟ್ಟಗಿದ್ಯಾ ನಿನಗೆ?" ಇಷ್ಬೆಲ್ ದಡದಿಂದಲೇ ಕಿರುಚಿದಳು. "ಅಲ್ಲಿ ಬ್ರೂಸ್ ನಮ್ಮ ಹೆಸರು ಹೊಡೆಯೋಕೆ ಕಾಯ್ತಾ ಕೂತಿದ್ದಾನೆ, ನೀನಿಲ್ಲಿ ಗುಡಿಸ್ತಾ ನಿಂತಿದ್ದೀಯಾ? ಬಸ್ಸು ಹತ್ತು! ಈಗ ಹೊರಟ್ರೂ ಹೊತ್ತಿಗೆ ಮುಟ್ತೀವಿ."

"ಹೊಡೀಲಿ."

"ಏನಂದೆ?"

"ಹೊಡೀಲಿ ಅಂದೆ. ಕಿವುಡು ನನಗೋ ನಿನಗೋ?" ವಾಟಿ ಪೊರಕೆ ಎತ್ತಿ ಕ್ರೇಗ್‌ಮೋರಿನ ದಿಕ್ಕಿಗೆ ತೋರಿಸಿದ. "ಅವರ ಕೆರೆಗೆ ಹೋಗ್ತಾ ಹೋಗ್ತಾ ನನ್ನ ಅರ್ಧ ಆಯಸ್ಸು ಮುಗೀತು. ಪ್ರತಿ ಸಲ ಮೂಲೇಲಿ ಒಂದಿಷ್ಟು ಜಾಗ ಕೊಡ್ತಾರೆ, ಬೆನ್ನು ತಟ್ತಾರೆ, ಅಯ್ಯೋ ಪಾಪ ಡ್ರೈಬರ್ನಿನವರು ಇನ್ನೂ ಇದ್ದಾರಲ್ಲ ಅಂತಾರೆ. ಸಾಕಾಗಿದೆ ನನಗೆ. ಮುಂದಿನ ಸಲ ನೀರು ಗಟ್ಟಿಯಾಗೋ ಹೊತ್ತಿಗೆ ನಾನು ಅಲ್ಲಿರ್ತೀನಿ," ಎಂದು ಪೊರಕೆಯನ್ನು ಸ್ಮಶಾನದ ಕಡೆ ತಿರುಗಿಸಿದ. "ಮನೆ ಲಾರಿ ಹತ್ತಿತು, ಶಾಲೆ ಹತ್ತಿತು, ಚರ್ಚು ಹತ್ತಿತು. ಈ ಕೆರೆ ಒಂದನ್ನ ಹೇರೋಕೆ ಆಗಲಿಲ್ಲ ಅವರ ಕೈಲಿ. ಹೇರೋಕೆ ಆಗದೇ ಇರೋದನ್ನ ನಾವೇ ಬಿಟ್ಟು ಅವರ ಬಾಗಿಲಿಗೆ ಹೋಗಿ ನಿಲ್ತೀವಲ್ಲ, ಥೂ."

"ಆಟ ಮುಗಿಸಿಕೊಂಡು ಬಂದು ಉಗಿ. ಈಗ ಹತ್ತು."

"ಹತ್ತಲ್ಲ."

"ಎತ್ತಿಬಿಡೋಣ್ವಾ?" ಎಂದ ನೆವಿಲ್ ಮೆಲ್ಲಗೆ. "ಕಾಲು ನೀನು ಹಿಡಿ, ತಲೆ ನಾನು."

"ಮುಟ್ಟಿ ನೋಡು!" ಎಂದು ವಾಟಿ ಪೊರಕೆ ಬೀಸಿದ. ನಾಯಿಯೂ ಬೊಗಳಿತು.

ಇಷ್ಬೆಲ್ ಅವನ ಕುತ್ತಿಗೆ ಪಟ್ಟಿ ಹಿಡಿಯಲೆಂದೇ ಮಂಜುಗಡ್ಡೆಯ ಮೇಲೆ ಕಾಲಿಟ್ಟಳು. ಕೆರೆ ಗುಂಯ್ ಎಂದಿತು. ತಳದಿಂದ ಎದ್ದು, ಗುಡ್ಡಕ್ಕೆ ಬಡಿದು, ಮತ್ತೆ ತಳಕ್ಕೆ ಇಳಿದ ಆ ಸದ್ದನ್ನು ಅವಳು ಬೇರೆ ಯಾವ ಕೆರೆಯಲ್ಲೂ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ಮಂಚದ ಮೇಲೆ ಮಲಗಿ, ಅಪ್ಪ ಆಡಿ ಮುಗಿಸುವ ತನಕ ಕೇಳುತ್ತಿದ್ದ ಸದ್ದು ಅದು. ಅವಳು ಅಲ್ಲೇ ನಿಂತಳು. ಕಣ್ಣಲ್ಲಿ ನೀರು ಬಂತು, ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

ಈಗ ಮುದುಕನನ್ನು ಎತ್ತಿ ಹಾಕಿಕೊಂಡು ಹೋಗಬಹುದಿತ್ತು. ನಾಲ್ವರು ನಿಲ್ಲುತ್ತಿದ್ದರು, ಹೆಸರು ಉಳಿಯುತ್ತಿತ್ತು. ಮುಂದಿನ ಕರೆಗೆ ಮೂವರು ನಿಲ್ಲುತ್ತಿದ್ದರು, ಬ್ರೂಸ್ ಟೋಪಿ ತೆಗೆದು ಎರಡು ಒಳ್ಳೆಯ ಮಾತಾಡಿ ಹೆಸರು ಹೊಡೆಯುತ್ತಿದ್ದ. ಅಷ್ಟೇ ವ್ಯತ್ಯಾಸ. ಬ್ರೂಸನ ಆ ಒಳ್ಳೆಯ ಮಾತನ್ನು ನೆನೆಸಿಕೊಂಡೇ ಇಷ್ಬೆಲ್‌ಳ ಮೈ ಉರಿಯಿತು.

"ನೆವಿಲ್, ಕಲ್ಲು ಇಳಿಸು."

"ಇಲ್ಲೇನಾ?"

"ಇಲ್ಲೇ. ಹೆಸರು ಹೋಗೋದಾದ್ರೆ ನಾವು ನಮ್ಮ ಕೆರೆ ಮೇಲೆ ಆಡ್ತಾ ಇರೋವಾಗ ಹೋಗಲಿ. ಅವರ ಕೆರೆ ಮೂಲೇಲಿ ನಿಂತು ತಲೆ ತಗ್ಗಿಸಿಕೊಂಡು ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಡೋರೀನ್ ಲೆಕ್ಕಾಚಾರದ ಹೆಂಗಸು. "ಯಾರ ಮೇಲೆ ಆಡ್ತೀಯೇ? ನಮ್ಮ ಮೇಲೆ ನಾವೇನಾ?" ಎಂದಳು.

ಇಷ್ಬೆಲ್ ತಿರುಗಿ ನೋಡಿದಳು. ಪ್ರವಾಸಿಗಳು ಬಸ್ಸಿನಿಂದ ಇಳಿದು, ಜಗಳ ನೋಡುವ ಖುಷಿಯಲ್ಲಿ ದಡದ ಉದ್ದಕ್ಕೂ ಸಾಲಾಗಿ ನಿಂತಿದ್ದರು. "ಅವರ ಮೇಲೆ," ಎಂದಳು.

ವಾಟಿಗೆ ಹಾವು ಮೆಟ್ಟಿದ ಹಾಗಾಯಿತು. "ಅವರಾ? ಬಸ್ಸಿನವರಾ? ನೋಡ್ಕೊಂಡು ಹೋಗೋಕೆ ಬಂದಿರೋ ಮಂದಿ! ನಮ್ಮ ಕಲ್ಲು ಮುಟ್ಟೋಕೆ ಅವರ ಅಜ್ಜ ಯಾರಾದ್ರೂ ಇಲ್ಲಿ..."

"ನಿನ್ನ ಮುತ್ತಜ್ಜ ಎಲ್ಲಿ ಹುಟ್ಟಿದ್ದು, ವಾಟಿ?"

"ಸ್ಕಾಟ್ಲೆಂಡು. ಎಲ್ಲರಿಗೂ ಗೊತ್ತು."

"ಇಲ್ಲಿಗೆ ಎಷ್ಟು ದಿನಕ್ಕೆ ಅಂತ ಬಂದ?"

ವಾಟಿ ಪೊರಕೆಯಿಂದ ಇಲ್ಲದ ಹಿಮ ಗುಡಿಸಿದ. "ಆ ಬೇಸಿಗೆ ಮುಗಿಯೋವರೆಗೆ," ಎಂದ ಕೊನೆಗೆ.

ನೆವಿಲ್ ನಕ್ಕುಬಿಟ್ಟ. "ನಮ್ಮ ಮುತ್ತಾತ ಹೆಂಡತಿಗೆ ಮುಂದಿನ ವರ್ಷ ಬರ್ತೀನಿ ಅಂತ ಹೇಳಿ ಹಡಗು ಹತ್ತಿದೋನು."

"ನೋಡ್ಕೊಂಡು ಹೋಗೋಕೆ ಬರದೇ ಇದ್ದೋನು ಈ ಸ್ಮಶಾನದಲ್ಲಿ ಒಬ್ಬ ಇದ್ರೆ ತೋರಿಸು," ಎಂದಳು ಇಷ್ಬೆಲ್. "ಆ ಮೇಷ್ಟ್ರು ಪೊರಕೆ ಹಿಡ್ಕೊಂಡು ಬಂದ, ನಾವು ಅಟ್ಟಿದ್ವಿ. ನೀನು ಬೈದೆ, ನಾನು ತಲೆಯಾಡಿಸಿದೆ. ಲಾರಿಯವರು ಬರೀ ಮನೆ ತಗೊಂಡು ಹೋದ್ರು ವಾಟಿ, ಊರನ್ನ ಸಾಯಿಸಿದ್ದು ನಾವು."

ಮುದುಕ ಮೂಗು ಒರೆಸಿಕೊಂಡ. ಆಮೇಲೆ ಪ್ರವಾಸಿಗಳ ಸಾಲನ್ನು ಸಂತೆಯಲ್ಲಿ ಕುರಿ ನೋಡುವವನ ಹಾಗೆ ನೋಡುತ್ತ ಬಂದು ಪ್ರೆಂಟಿಸ್‌ನ ಮುಂದೆ ನಿಂತ. "ಈತ ಬೇಡ. ಈತನ ಕೈಲಾಗಲ್ಲ."

"ಏನು ನನ್ನ ಕೈಲಾಗಲ್ಲ?" ಪ್ರೆಂಟಿಸ್ ಕೆರಳಿದ.

"ಬಲಗಾಲಿನ ಬೂಟು, ಕಾಲುಚೀಲ ಬಿಚ್ಚಿ ಮಂಜುಗಡ್ಡೆ ಮೇಲೆ ಇಡೋದು. ಅಂಗೈ ಕಲ್ಲಿನ ಮೇಲೆ ಇಡೋದು. ಮೂರು ಪ್ರಶ್ನೆಗೆ ಉತ್ತರ ಹೇಳೋದು. ನಮ್ಮೂರಲ್ಲಿ ಆಟಗಾರ ಆಗೋದು ಹೀಗೆ."

ಪ್ರೆಂಟಿಸ್ ಆಗಲೇ ಬೂಟಿನ ದಾರ ಬಿಚ್ಚುತ್ತಿದ್ದ. ಬರಿಗಾಲು ಮಂಜಿಗೆ ತಾಗಿದಾಗ ಅವನ ಬಾಯಿಂದ ಹೊರಟ ಮಾತು ಇಲ್ಲಿ ಬರೆಯುವಂಥದ್ದಲ್ಲ.

"ಎಲ್ಲಿಂದ ಬಂದೆ?" ಎಂದು ವಾಟಿ ಅವನ ಹೆಗಲ ಮೇಲೆ ಪೊರಕೆ ಇಟ್ಟು ಕೇಳಿದ.

"ಆಕ್ಲೆಂಡು."

"ಯಾಕೆ ಬಂದೆ?"

"ಚಿನ್ನಕ್ಕೆ. ಇನ್ನೂ ಸಿಕ್ಕಿಲ್ಲ, ಅದನ್ನೂ ಬರ್ಕೊಳ್ಳಿ."

"ಸರಿಯಾಗಿದೆ. ಯಾವಾಗ ಹೋಗ್ತೀ?"

"ನಾಡಿದ್ದು, ಮಧ್ಯಾಹ್ನದ ವಿಮಾನಕ್ಕೆ."

"ತಪ್ಪು."

"ಏನ್ರೀ ತಪ್ಪು? ಟಿಕೇಟು ತೋರಿಸ್ಲಾ?"

"ತಪ್ಪು ಅಂದ್ರೆ ತಪ್ಪು. ಸರಿಯಾದ ಉತ್ತರ ಹೇಳೋವರೆಗೂ ಕಾಲು ಎತ್ತೋ ಹಾಗಿಲ್ಲ."

ದಡದವರು ಬಿದ್ದು ಬಿದ್ದು ನಕ್ಕರು. ಪ್ರೆಂಟಿಸ್ ಕೆಂಪಾದ, ಆಮೇಲೆ ನೀಲಿಯಾದ. ಹಲ್ಲು ಕಟಕಟ ಎನ್ನುತ್ತಿದ್ದರೂ ಕಾಲು ಎತ್ತಲಿಲ್ಲ, ಅದನ್ನು ಮೆಚ್ಚಬೇಕು. ಬಂದ ದಿನದಿಂದ ಅವನ ಮೇಲೆ ಕಿಡಿಕಾರುತ್ತಿದ್ದ ಇಷ್ಬೆಲ್ ಅವನ ಹಿಂದೆ ಹೋಗಿ ಬಗ್ಗಿ ಉತ್ತರವನ್ನು ಕಿವಿಯಲ್ಲಿ ಹೇಳಿದಳು. ಅವನು ಅವಳತ್ತ ತಿರುಗಿ ನೋಡಿದ. ಆಮೇಲೆ ನೆಟ್ಟಗೆ ನಿಂತು, "ಹೋಗಲ್ಲ," ಎಂದ.

"ಎತ್ತು ಕಾಲು," ಎಂದು ವಾಟಿ ಜೇಬಿನಿಂದ ವಿಸ್ಕಿ ತೆಗೆದು ಕೊಟ್ಟ. "ಮುಂದಿನವರು ಬನ್ನಿ."

ಒಬ್ಬೊಬ್ಬರಾಗಿ ಎಲ್ಲರೂ ಬೂಟು ಬಿಚ್ಚಿದರು. ನೇಪಿಯರಿನ ಇಬ್ಬರು ಅಕ್ಕತಂಗಿಯರು ಕೈಕೈ ಹಿಡಿದು ಒಟ್ಟಿಗೇ ನಿಂತು ಒಟ್ಟಿಗೇ "ಹೋಗಲ್ಲ" ಎಂದರು. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಗುಡ್ಡದಾಚೆ ಬ್ರೂಸ್ ಸೀಟಿ ಊದಿರಬೇಕು, ಮೊದಲ ಕಲ್ಲು ಹೊರಟಿರಬೇಕು. ಇಷ್ಬೆಲ್ ಗುಡ್ಡದ ಕಡೆಗೇ ನೋಡುತ್ತಿದ್ದಳು. ನೆವಿಲ್ ಅವಳ ಮುಖ ನೋಡಿ ಕಲ್ಲನ್ನು ಅವಳ ಕಾಲ ಬಳಿಗೆ ತಳ್ಳಿದ. ಅವಳು ಬಗ್ಗಿ ಹಿಡಿಕೆ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಬಿಟ್ಟಳು. ಕೆರೆ ಈ ತುದಿಯಿಂದ ಆ ತುದಿಗೆ ಗುಂಯ್‌ಗುಟ್ಟಿತು.

ಆಟದ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಹೊಸ ಆಟಗಾರರು ಕಲ್ಲಿಗಿಂತ ಹೆಚ್ಚು ದೂರ ತಾವೇ ಜಾರಿದರು. ವಾಟಿ ಎಲ್ಲರನ್ನೂ ಸಮನಾಗಿ ಬೈದ. "ಉಜ್ಜಿ! ಉಜ್ಜಿ! ಅದೇನು ಗಲ್ಲ ಸವರಿದ ಹಾಗೆ ಸವರ್ತಾ ಇದ್ದೀರಿ!" ಎಂದು ಅವನು ಅರಚಿದ್ದಕ್ಕೆ ಗುಡ್ಡದ ಮೊಲಗಳೆಲ್ಲ ಬಿಲ ಸೇರಿದವು. ಇಳಿಮಧ್ಯಾಹ್ನ ಪ್ರೆಂಟಿಸ್ ಬಿಟ್ಟ ಒಂದು ಕಲ್ಲು, ಗುರಿಯಿಟ್ಟೋ ಕೈತಪ್ಪಿಯೋ, ವೃತ್ತದ ನಡುವೆ ಕೂತಿದ್ದ ವಾಟಿಯ ಕಲ್ಲನ್ನು ಹೊರಗೆ ತಳ್ಳಿ ತಾನು ಕೂತಿತು. ವಾಟಿ ಪೊರಕೆ ನೆಲಕ್ಕೆ ಬಡಿದು ಅವನಿಗೆ ಹೇಳಬಾರದ್ದನ್ನೆಲ್ಲ ಹೇಳಿದ. ಪ್ರೆಂಟಿಸ್ ಅಷ್ಟೇ ಜೋರಾಗಿ ತಿರುಗಿ ಹೇಳಿದ. ಆ ಕೆರೆಯ ದಡದಲ್ಲಿ ಅಷ್ಟು ದೊಡ್ಡ ಜಗಳ ನಡೆದು ಎಷ್ಟು ಕಾಲವಾಗಿತ್ತೋ.

ನೆರಳು ಉದ್ದವಾದ ಮೇಲೆ ವಾಟಿ ತನ್ನ ಗಾಡಿಯಲ್ಲಿ ಹೊರಟ. ಉಳಿದವರನ್ನು ತುಂಬಿಕೊಂಡು ಇಷ್ಬೆಲ್ ಗುಡ್ಡ ಹತ್ತಿದಳು. ನೆತ್ತಿಯಲ್ಲಿ ಸಿಗ್ನಲ್ ಸಿಕ್ಕಿದ್ದೇ ಫೋನು ಬಡಿದುಕೊಂಡಿತು. ಅವಳು ಸ್ಟಿಯರಿಂಗ್ ಬಿಡದೆ ಬಟನ್ ಒತ್ತಿದಳು. ಬ್ರೂಸನ ದನಿ ಇಡೀ ಬಸ್ಸಿಗೆ ಕೇಳಿಸಿತು.

"ಇಷ್ಬೆಲ್, ನನಗೂ ಬೇಜಾರಿದೆ ಕಣಮ್ಮ. ನೀವು ಬರಲಿಲ್ಲ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಮಾಡಿದ್ವಿ. ಡ್ರೈಬರ್ನಿನ ಹೆಸರು ಹೊಡೆದುಹಾಕಿದ್ವಿ."

ಆಗುತ್ತದೆಂದು ಗೊತ್ತಿದ್ದೂ, ಕಿವಿಯಾರೆ ಕೇಳಿದಾಗ ಇಷ್ಬೆಲ್ ಬಸ್ಸಿನ ವೇಗ ತಗ್ಗಿಸಿದಳು.

"ಯಾರು ಯಾರ ಹೆಸರು ಹೊಡೆದಿದ್ದು?" ಮುಂದಿನ ಸೀಟಿನಲ್ಲಿ ಡೋರೀನಳ ಶಾಲನ್ನು ಬಲಗಾಲಿಗೆ ಸುತ್ತಿಕೊಂಡು ಕೂತಿದ್ದ ಪ್ರೆಂಟಿಸ್ ಮುಂದಕ್ಕೆ ಬಗ್ಗಿದ. "ಏನ್ರೀ, ಮೌನ ಯಾರಿಗೆ? ನಾವೇನು ಸತ್ತಿದ್ದೀವಾ? ಮಧ್ಯಾಹ್ನದಿಂದ ಆಡಿ ನನ್ನ ಸೊಂಟ ಬಿದ್ದುಹೋಗಿದೆ, ನೀವಲ್ಲಿ ನಮ್ಮನ್ನ ಹೊಡೆದುಹಾಕ್ತಾ ಕೂತಿದ್ದೀರಾ? ಮುಂದಿನ ಸಲ ಕರೆ ಬರಲಿ, ಯಾರ ಕೆರೆಗೆ ಯಾರು ಬರ್ತಾರೆ ನೋಡೋಣ!"

ಫೋನಿನ ಆ ಕಡೆ ಗಲಿಬಿಲಿಯಾಯಿತು. "ಇಷ್ಬೆಲ್? ಯಾರದು ಮಾತಾಡ್ತಿರೋದು?"

ಇಷ್ಬೆಲ್ ಗೇರು ಬದಲಿಸಿದಳು.

"ನಮ್ಮೂರಿನವರು, ಬ್ರೂಸ್," ಎಂದಳು.